ಒಲೆಯಿಂದ ಇಳಿದ ಮೇಲಿನ ಎರಡು ತಾಸು

ಕಲಬುರಗಿಯಲ್ಲಿ ಮದುವೆ, ವಲೀಮಾ, ಗೃಹಪ್ರವೇಶಗಳಿಗೆ ಊಟ ಕಳಿಸುವ ಅಡುಗೆಮನೆಯೊಂದರಲ್ಲಿ, ಬೇಯಿಸಿದ ಪದಾರ್ಥಗಳನ್ನು ತಣಿಸಿ ಡೀಪ್ ಫ್ರೀಜರ್‌ನಲ್ಲಿಡಿಸುವ ಮತ್ತು ಬೇಕಾದಾಗ ಬಿಸಿ ಮಾಡಿಸುವ ಹೊಣೆ ನನ್ನದು. ಫ್ರೀಜರ್ ಇದ್ದರೆ ಅಡುಗೆ ಕೆಡುವುದಿಲ್ಲ ಎಂದು ನಂಬಿಕೊಂಡೇ ಹೊಸ ಹುಡುಗರು ಕೆಲಸಕ್ಕೆ ಸೇರುತ್ತಾರೆ. ಆದರೆ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನ ಶೀತ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತದೆಯೇ ಹೊರತು ಅವನ್ನೆಲ್ಲ ಕೊಲ್ಲುವುದಿಲ್ಲ. ಒಳಗಿಡುವ ಮೊದಲೇ ಕೆಡಲಾರಂಭಿಸಿದ ಕೋಳಿ ಸಾರನ್ನು ಯಾವ ಫ್ರೀಜರೂ ಸರಿಪಡಿಸಲಾರದು. ಹೀಗಾಗಿ ನಾನು ಹೆಚ್ಚು ಕಾವಲಿರುವುದು ಡಬರಿ ಒಲೆಯಿಂದ ಇಳಿದ ಮೇಲಿನ ಹೊತ್ತಿಗೆ.

ಸುಮಾರು 5 ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾಗಳು ವೇಗವಾಗಿ ಹೆಚ್ಚುತ್ತವೆ. ಬೇಯಿಸಿದ ಅಡುಗೆಯನ್ನು ಹೊರಗೆ ಎರಡು ತಾಸಿಗಿಂತ ಹೆಚ್ಚು ಬಿಡಬಾರದು. ಸುತ್ತಲಿನ ಉಷ್ಣತೆ 32 ಡಿಗ್ರಿ ಮೀರಿದ್ದರೆ ಒಂದೇ ತಾಸು. ಬೇಸಿಗೆಯಲ್ಲಿ ನಮ್ಮ ಊರಿನ ಬಿಸಿಲು 40 ಡಿಗ್ರಿ ದಾಟುವುದರಿಂದ ನಮಗೆ ಅನ್ವಯಿಸುವುದು ಆ ಒಂದು ತಾಸಿನ ನಿಯಮವೇ. ಅದಕ್ಕಾಗಿ ಊಟದ ಪಂಕ್ತಿಯಲ್ಲಿ ತೆರೆದಿಟ್ಟಿದ್ದ ಪಾತ್ರೆಯಲ್ಲಿ ಉಳಿದದ್ದನ್ನು, ಎಷ್ಟೇ ಇರಲಿ, ನಾನು ಫ್ರೀಜರ್‌ಗೆ ಸೇರಿಸುವುದಿಲ್ಲ. ಬಡಿಸಲು ಹೊರಡದೆ ಅಡುಗೆಮನೆಯಲ್ಲೇ ಬಿಸಿಯಾಗಿ ಉಳಿದದ್ದನ್ನು ಮಾತ್ರ ತಣಿಸುತ್ತೇವೆ.

ನಮ್ಮ ಬಿರಿಯಾನಿ ಉಸ್ತಾದರು ಮೊದಮೊದಲು, "ಬಿಸಿ ಡಬರಿ ಫ್ರಿಜ್‌ನಾಗ ಇಟ್ರ ಬಾಜೂದ ಸಾಮಾನೂ ಕೆಡ್ತಾವ್ರಿ ಸರ್, ರಾತ್ರಿ ಆರ್ಲಿ, ಮುಂಜಾನೆ ಇಡೂಣು" ಎನ್ನುತ್ತಿದ್ದರು. ಅವರ ಮಾತಿನ ಮೊದಲರ್ಧ ನಿಜವೇ. ದೊಡ್ಡ ಡಬರಿಯ ಕಾವು ಫ್ರಿಜ್‌ನೊಳಗಿನ ಉಳಿದ ಪದಾರ್ಥಗಳನ್ನೂ ಬೆಚ್ಚಗಾಗಿಸುತ್ತದೆ. ಆದರೆ ರಾತ್ರಿಯಿಡೀ ಹೊರಗಿಟ್ಟರೆ, ಮೇಲ್ಭಾಗ ಆರಿದಂತೆ ಕಂಡರೂ ನಡುಭಾಗ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತದೆ. ಮಾಂಸದ ಅಡುಗೆಯಲ್ಲಿ ಕುದಿಯನ್ನೂ ತಾಳಿ ಉಳಿಯುವ ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಮೊಳೆತು ಹೆಚ್ಚುವುದು ಹೀಗೆ ನಿಧಾನವಾಗಿ ಆರುವ ದೊಡ್ಡ ಪಾತ್ರೆಗಳಲ್ಲಿಯೇ. ಆದ್ದರಿಂದ ಸಾರನ್ನು ಅಗಲವಾದ ಪರಾತಗಳಿಗೆ ಎರಡು ಇಂಚಿಗಿಂತ ಆಳವಾಗದಂತೆ ಸುರಿದು, ಪರಾತಗಳನ್ನು ಐಸ್ ನೀರಿನ ಮೇಲಿಟ್ಟು, ಶುಚಿಯಾದ ಸೌಟಿನಿಂದ ಆಗಾಗ ತಿರುವುತ್ತೇವೆ. 60 ಡಿಗ್ರಿಯಿಂದ 21ಕ್ಕೆ ಎರಡು ತಾಸಿನೊಳಗೆ, ಅಲ್ಲಿಂದ 5ಕ್ಕೆ ಮುಂದಿನ ನಾಲ್ಕು ತಾಸಿನೊಳಗೆ ಇಳಿಯಬೇಕು. ಕೈಯಿಂದ ಮುಟ್ಟಿ ಅಂದಾಜಿಸಲು ನಾನು ಯಾರಿಗೂ ಬಿಡುವುದಿಲ್ಲ. ಮೊನೆಯ ಥರ್ಮಾಮೀಟರನ್ನು ದಪ್ಪ ತುಂಡಿನ ನಡುವಿಗೆ ಚುಚ್ಚಿ ನೋಡಿ ಬರೆದಿಡಬೇಕು. ಈಗ ಉಸ್ತಾದರೇ ಪರಾತ ತೊಳೆಸಿಟ್ಟುಕೊಂಡು ಐಸ್ ಬಂತೇ ಎಂದು ಕೇಳುತ್ತಾರೆ.

ತಹರಿ, ಬಿರಿಯಾನಿ, ಬಿಳಿ ಅನ್ನಗಳ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳೂ ಬೇಯಿಸಿದರೆ ಸಾಯುವುದಿಲ್ಲ, ಮತ್ತು ಅನ್ನ ಬೆಚ್ಚಗಿದ್ದಾಗ ಅದು ಉಂಟುಮಾಡುವ ವಾಂತಿ ತರಿಸುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. "ಚೆನ್ನಾಗಿ ಬಿಸಿ ಮಾಡಿದರಾಯಿತು" ಎಂಬ ಸಮಾಧಾನ ಇಲ್ಲಿ ಅಪಾಯಕಾರಿ. ಅನ್ನವನ್ನು ಒಂದು ತಾಸಿನೊಳಗೆ ಹರಡಿ ತಣಿಸಿ ಒಳಗಿಡುತ್ತೇವೆ. ಫ್ರಿಜ್‌ನಲ್ಲಿಟ್ಟದ್ದನ್ನು ಮರುದಿನವೇ ಮುಗಿಸುತ್ತೇವೆ.

ಬೇಯಿಸಿದ ಕೋಳಿ ಫ್ರಿಜ್‌ನಲ್ಲಿ ಮೂರರಿಂದ ನಾಲ್ಕು ದಿನ ಇರುತ್ತದೆ. ಫ್ರೀಜರ್‌ನಲ್ಲಿ ಅದಕ್ಕಿಂತ ಬಹಳ ಹೆಚ್ಚು ಕಾಲ ಸುರಕ್ಷಿತ, ಆದರೆ ನಾಲ್ಕು ತಿಂಗಳು ದಾಟಿದರೆ ರುಚಿ ಮತ್ತು ಮೃದುತ್ವ ಕುಗ್ಗತೊಡಗುತ್ತವೆ. ಬೇಯಿಸಿದ ಮೊಟ್ಟೆ ಹೆಪ್ಪುಗಟ್ಟಿದರೆ ರಬ್ಬರಿನಂತಾಗುತ್ತದೆ, ಅದನ್ನು ಇಡುವುದೇ ಬೇಡ.

ಹೆಪ್ಪು ಕರಗಿಸಲು ಪೊಟ್ಟಣವನ್ನು ರಾತ್ರಿ ಕಟ್ಟೆಯ ಮೇಲಿಡುವ ರೂಢಿ ಅನೇಕ ಅಡುಗೆಮನೆಗಳಲ್ಲಿದೆ. ನಡುವೆ ಇನ್ನೂ ಮಂಜುಗಡ್ಡೆ ಇರುವಾಗಲೇ ಅದರ ಹೊರಮೈ ಕೋಣೆಯ ಕಾವಿಗೆ ಬಂದು ಗಂಟೆಗಳೇ ಕಳೆದಿರುತ್ತವೆ. ನಾವು ಹಿಂದಿನ ದಿನವೇ ಅದನ್ನು ಫ್ರಿಜ್‌ನ ಕೆಳಗಿನ ಅರೆಗೆ ಇಳಿಸುತ್ತೇವೆ. ಎರಡು ಕಿಲೋ ಗಟ್ಟಿಗೆ ಸುಮಾರು 24 ತಾಸು ಬೇಕು. ಅವಸರವಿದ್ದರೆ ನೀರು ಒಳಹೋಗದ ಚೀಲದಲ್ಲಿ ತಣ್ಣೀರಿಗೆ ಮುಳುಗಿಸಿ, ಅರ್ಧ ತಾಸಿಗೊಮ್ಮೆ ನೀರು ಬದಲಿಸಿ, ಕರಗಿದ ಕೂಡಲೇ ಬಿಸಿ ಮಾಡುತ್ತೇವೆ. ಸಾರಿನ ಗಟ್ಟಿಯನ್ನಂತೂ ಕರಗಿಸದೆಯೇ ನೇರವಾಗಿ ಒಲೆಯ ಮೇಲಿಡಬಹುದು.

ಕರೆಂಟ್ ಹೋದಾಗ ಮುಚ್ಚಳ ತೆರೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ತಾಸು, ಅರ್ಧ ತುಂಬಿದ್ದು 24 ತಾಸು ತಂಪು ಹಿಡಿದಿಡುತ್ತದೆ. ಫ್ರಿಜ್ ನಾಲ್ಕೇ ತಾಸು.

ಬಿಸಿ ಮಾಡುವಾಗ ತುಂಡಿನ ನಡುಭಾಗ 75 ಡಿಗ್ರಿ ಮುಟ್ಟಬೇಕು, ಸಾರು ಎಲ್ಲೆಡೆ ಕುದಿಯಬೇಕು. ಮೈಕ್ರೋವೇವ್‌ನಲ್ಲಿ ಕಾವು ಸಮನಾಗಿ ಹರಡುವುದಿಲ್ಲವಾದ್ದರಿಂದ ನಡುನಡುವೆ ತಿರುವಿ, ಎರಡು ನಿಮಿಷ ಬಿಟ್ಟು, ಮತ್ತೆ ಥರ್ಮಾಮೀಟರ್ ಚುಚ್ಚಿ ನೋಡಬೇಕು. ಒಂದು ಸಲ ಬಿಸಿ ಮಾಡಿದ್ದು ನಮ್ಮಲ್ಲಿ ಮತ್ತೆ ಫ್ರೀಜರ್‌ಗೆ ಹೋಗುವುದಿಲ್ಲ. ಆ ಕಾರಣಕ್ಕೇ ಪೊಟ್ಟಣಗಳನ್ನು ಒಂದೊಂದು ಕಿಲೋದಂತೆ ಚಪ್ಪಟೆಯಾಗಿ ಕಟ್ಟಿ, ಪದಾರ್ಥದ ಹೆಸರು ಮತ್ತು ಬೇಯಿಸಿದ ತಾರೀಖು ಬರೆದು, ಹಳೆಯದು ಮುಂದೆ ಬರುವಂತೆ ಜೋಡಿಸುತ್ತೇವೆ. ತಾರೀಖಿಲ್ಲದ ಪೊಟ್ಟಣ ಕೈಗೆ ಸಿಕ್ಕರೆ ಬಿಚ್ಚಿ ವಾಸನೆ ನೋಡುವ ಗೋಜಿಗೆ ಹೋಗದೆ ಹೊರಗೆ ಹಾಕುತ್ತೇವೆ, ಏಕೆಂದರೆ ಕಾಯಿಲೆ ತರುವ ಬ್ಯಾಕ್ಟೀರಿಯಾಗಳು ಅನೇಕ ಸಲ ವಾಸನೆಯನ್ನಾಗಲಿ ರುಚಿಯನ್ನಾಗಲಿ ಬದಲಿಸುವುದೇ ಇಲ್ಲ.