ಹೊಂಡದ ಕ್ಯಾಮೆರಾ, ನಾಲ್ಕನೇ ತಿಂಗಳು: ಅದು ಚಿಂಕಾರ ಅಲ್ಲ

ಹೋದ ಸಲ ಬರೆದಾಗ ನಾನು ನೆಲದ ಮೇಲೆ ಇರಲಿಲ್ಲ. ನಮ್ಮ ಹೊಲದ ಕೃಷಿ ಹೊಂಡಕ್ಕೆ ಚಿಂಕಾರ (ಸಣ್ಣ ಜಾತಿಯ ಹುಲ್ಲೆ) ಬಂದಿದೆ ಅಂತ ಊರೆಲ್ಲಾ ಹೇಳಿಕೊಂಡು ತಿರುಗಿದ್ದೆ. ಆ ಮಾತನ್ನು ಈಗ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. ಹೊಲ ಇರುವುದು ಶಿರಾ ತಾಲ್ಲೂಕಿನಲ್ಲಿ, ಬುಕ್ಕಾಪಟ್ಟಣ ಕಾಡಿನ ಕಡೆ. ಇದಕ್ಕಿಂತ ಜಾಸ್ತಿ ವಿಳಾಸ ಬರೆಯುವುದಿಲ್ಲ, ಬೇಟೆಗೆ ಹೋಗುವವರಿಗೂ ಓದೋಕೆ ಬರುತ್ತೆ ಅಲ್ವಾ. ಆ ಕಾಡನ್ನು 2019ರಲ್ಲಿ ಚಿಂಕಾರ ವನ್ಯಜೀವಿಧಾಮ ಅಂತ ಘೋಷಿಸಿದರು. ಅಲ್ಲಿ ಚಿಂಕಾರ, ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ), ಕೃಷ್ಣಮೃಗ ಮೂರೂ ಇವೆ. ಕಾಡಿನೊಳಗೆ ಕ್ಯಾಮೆರಾ ಕಟ್ಟಬೇಕು ಅಂದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಹಾಗಾಗಿ ನಮ್ಮ ಹೊಂಡದ ಪಕ್ಕ, ನಮ್ಮದೇ ಬೇಲಿಯ ಕಲ್ಲುಕಂಬಕ್ಕೆ ಒಂದೇ ಒಂದು ಕ್ಯಾಮೆರಾ ಕಟ್ಟಿದ್ದೇನೆ. ಮುಂದೆ ಏನಾದರೂ ಅಲುಗಾಡಿದರೆ ಅದು ತಾನಾಗಿಯೇ ವಿಡಿಯೋ ತೆಗೆಯುತ್ತದೆ. ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿರುವುದರಿಂದ ಪ್ರಾಣಿಗಳು ಜಾರಿ ಬಿದ್ದರೆ ಹತ್ತೋಕೆ ಆಗಲ್ಲ. ಅದಕ್ಕೇ ಅಣ್ಣ ಒಂದು ಮೂಲೆಯಲ್ಲಿ ಮಣ್ಣಿನ ಇಳಿಜಾರು ಮಾಡಿಕೊಟ್ಟ. ಈಗ ಎಲ್ಲವೂ ಅಲ್ಲಿಂದಲೇ ಇಳಿಯುತ್ತವೆ. ನನಗೂ ಅದೇ ಅನುಕೂಲ.

ಫೆಬ್ರವರಿ, ಮೊದಲ ಭಾನುವಾರ

ಕಾರ್ಡ್ ತುಂಬಾ ಹುಲ್ಲು. ಗಾಳಿಗೆ ಆಡಿದ ಹುಲ್ಲು, ಬಿಸಿಲಿಗೆ ಆಡಿದ ಹುಲ್ಲು. ಕ್ಯಾಮೆರಾ ಮುಂದೆ ಒಂದು ಗಂಟೆ ಕುಡುಗೋಲು ಹಿಡಿದು ಕೂತೆ.

ಫೆಬ್ರವರಿ, ಮೂರನೇ ಭಾನುವಾರ

ಕ್ಯಾಮೆರಾವನ್ನು ಕೆಳಗಿಳಿಸಿದೆ. ಮೊದಲು ಎದೆಮಟ್ಟಕ್ಕೆ ಕಟ್ಟಿದ್ದೆ, ಬಂದಿದ್ದೆಲ್ಲಾ ಬೆನ್ನಿನ ವಿಡಿಯೋ. ಈಗ ಮಂಡಿಮಟ್ಟ. ಕಾಲು ಕಾಣಲಿಲ್ಲ ಅಂದರೆ ಕೊಂಡುಕುರಿಯನ್ನು ಗುರುತಿಸೋದು ಕಷ್ಟ. ಅದರ ಕಾಲಿನ ಮುಂಭಾಗದಲ್ಲಿ ಉದ್ದಕ್ಕೆ ಒಂದು ಕಪ್ಪು ಗೀರು ಇರುತ್ತದೆ, ಮುಂಗಾಲಲ್ಲಿ ಎದ್ದು ಕಾಣುತ್ತದೆ.

ನಾಲ್ಕು ಕೊಂಬು ಇದೆಯಲ್ಲ, ಇನ್ನೇನು ಕಷ್ಟ ಅಂತ ಕೇಳಬಹುದು. ಕೊಂಬು ಇರುವುದು ಗಂಡಿಗೆ ಮಾತ್ರ. ಅದರಲ್ಲೂ ನಮ್ಮ ದಕ್ಷಿಣದ ಗಂಡುಗಳಲ್ಲಿ ಮುಂದಿನ ಜೋಡಿ ಎಷ್ಟೋ ಸಲ ಬರೀ ಗುಬುಟು, ಕೆಲವಕ್ಕೆ ಅದೂ ಇಲ್ಲ. ಹಿಂದಿನ ಜೋಡಿಯೂ ಬೆರಳುದ್ದ ಅಷ್ಟೇ. ರಾತ್ರಿ ವಿಡಿಯೋದಲ್ಲಿ ನಾಲ್ಕು ಎಣಿಸಿದ ಪುಣ್ಯ ನನಗೆ ಈವರೆಗೆ ಒಂದೇ ಸಲ ಸಿಕ್ಕಿದೆ.

ಹೆಸರಿನ ಗೊಂದಲ ಬೇರೆ. ಕಾಡುಕುರಿ ಅಂದರೆ ಬೊಗಳುವ ಜಿಂಕೆ, ಕೊಂಡುಕುರಿ ಅಂದರೆ ಇದು. ಮಾತಿನಲ್ಲಿ ಎರಡೂ ಕಲಸಿಹೋಗುತ್ತವೆ. ನಮ್ಮ ದೊಡ್ಡಪ್ಪನಿಗಂತೂ ಎಲ್ಲವೂ ಜಿಂಕೆಯೇ. ಅವರು ನಲವತ್ತು ವರ್ಷ ಕುರಿ ಕಾಯ್ದವರು, ತಿದ್ದೋಕೆ ನಾನು ಯಾರು?

ಮಾರ್ಚ್, ಎರಡನೇ ಭಾನುವಾರ

ಇದೇ ಆ ತಪ್ಪಿನ ದಿನ.

ರಾತ್ರಿ ಹನ್ನೊಂದು ದಾಟಿತ್ತು. ಒಂಟಿ ಪ್ರಾಣಿ. ತಲೆ ಮೇಲೆ ಎರಡು ಸಣ್ಣ, ನೇರ ಕೊಂಬು, ಮೊಳೆಯ ಹಾಗೆ. ಸುರುಳಿ ಇಲ್ಲ, ಉಂಗುರ ಇಲ್ಲ. ಹತ್ತು ಸೆಕೆಂಡ್ ನಿಂತು ಹೋಯಿತು. ನನ್ನ ತಲೆಯಲ್ಲಿ ಲೆಕ್ಕ ಓಡಿತು. ಹೆಣ್ಣು ಕೊಂಡುಕುರಿಗೆ ಕೊಂಬಿಲ್ಲ. ಹೆಣ್ಣು ಕೃಷ್ಣಮೃಗಕ್ಕೂ ಸಾಮಾನ್ಯವಾಗಿ ಇಲ್ಲ. ಚಿಂಕಾರದಲ್ಲಿ ಮಾತ್ರ ಹೆಣ್ಣಿಗೂ ಕೊಂಬು, ಅದೂ ಹೀಗೇ ತೆಳ್ಳಗೆ, ನಯವಾಗಿ. ಅಂದಮೇಲೆ ಇದು ಹೆಣ್ಣು ಚಿಂಕಾರ! ಅಣ್ಣನಿಗೆ ಫೋನ್ ಮಾಡಿದೆ. ಅವನು "ಸರಿ, ಬೋರ್‌ವೆಲ್ ಸ್ಟಾರ್ಟರ್ ನೋಡ್ಕೊಂಡು ಬಾ" ಅಂದ.

ಲೆಕ್ಕದಲ್ಲಿ ಒಂದು ಪ್ರಾಣಿ ಬಿಟ್ಟುಹೋಗಿತ್ತು. ಒಂದು ವರ್ಷ ತುಂಬದ ಗಂಡು ಕೃಷ್ಣಮೃಗ. ಆ ವಯಸ್ಸಿಗೆ ಮೈ ಕಪ್ಪಾಗಿರಲ್ಲ, ಹೆಣ್ಣಿನ ಹಾಗೆ ಕಂದು. ಕೊಂಬಿಗೆ ಸುರುಳಿಯೂ ಬಂದಿರಲ್ಲ, ಬರೀ ಮೊಳೆ. ನಾವೆಲ್ಲ ಚಿತ್ರದಲ್ಲಿ ನೋಡೋದು ಕಪ್ಪು ಬಿಳುಪಿನ ದೊಡ್ಡ ಗಂಡನ್ನು ಮಾತ್ರ. ಹಾಗಾಗಿ ಈ ಹುಡುಗ ನೆನಪಿಗೇ ಬರಲಿಲ್ಲ.

ಏಪ್ರಿಲ್, ಮೊದಲ ಎರಡು ವಾರ

ಅನುಮಾನ ಹುಟ್ಟಿಸಿದ್ದು ಕಲ್ಲುಕಂಬ. ಇಳಿಜಾರಿನ ಪಕ್ಕದ ಕಂಬಕ್ಕೆ 50, 60, 70, 80 ಸೆಂಟಿಮೀಟರಿಗೆ ಬಿಳಿ ಪೇಂಟಿನ ಗೆರೆ ಎಳೆದಿದ್ದೆ. ಭುಜದ ಎತ್ತರ ಕೊಂಡುಕುರಿಗೆ ಸುಮಾರು 60, ಚಿಂಕಾರಕ್ಕೆ 65, ಕೃಷ್ಣಮೃಗಕ್ಕೆ 75ರ ಮೇಲೆ. ಆ ಮೊಳೆಕೊಂಬಿನ ಪ್ರಾಣಿಯ ಭುಜ 70ರ ಗೆರೆ ಮುಟ್ಟುತ್ತಿತ್ತು. ಆದರೆ ಇದೊಂದನ್ನೇ ನಂಬೋಕೆ ಆಗಲ್ಲ. ಪ್ರಾಣಿ ಕಂಬಕ್ಕಿಂತ ಒಂದು ಮಾರು ಈಚೆ ನಿಂತರೆ ದೊಡ್ಡದಾಗಿ ಕಾಣುತ್ತದೆ. ಆಚೆ ನಿಂತರೆ ಸಣ್ಣದು. ಕೊಂಡುಕುರಿಯನ್ನು ಕೃಷ್ಣಮೃಗ ಮಾಡಲು ಎರಡು ಹೆಜ್ಜೆ ಸಾಕು. ಇಲ್ಲಿ ಉಳಿಯುತ್ತಿದ್ದ ಅಂತರವೋ ಐದೇ ಸೆಂಟಿಮೀಟರ್.

ಮುಖ ನೋಡೋಣ ಅಂದರೆ ಅಲ್ಲೂ ತೊಡಕು. ಚಿಂಕಾರಕ್ಕೆ ಕಣ್ಣಿನ ಮೂಲೆಯಿಂದ ಮೂಗಿನ ಕಡೆ ಕಂದು ಪಟ್ಟೆ ಇರುತ್ತದೆ, ಪಕ್ಕದಲ್ಲಿ ಬಿಳಿ ಅಂಚು. ಹಗಲಲ್ಲಿ ಕಾಡಿಗೆ ತೀಡಿದ ಹಾಗೆ ಕಾಣುತ್ತದೆ. ರಾತ್ರಿ ಇನ್‌ಫ್ರಾರೆಡ್ ಬೆಳಕಿನಲ್ಲಿ ಬಣ್ಣವೇ ಇಲ್ಲ, ಎಲ್ಲಾ ಬೂದಿ. ಕಂದು ಪಟ್ಟೆ ಮಂಕಾಗಿ ಮಾಯವಾಗಿಬಿಡುತ್ತದೆ. ಪಟ್ಟೆ ಕಾಣಲಿಲ್ಲ ಅಂತ ಚಿಂಕಾರ ಅಲ್ಲ ಅನ್ನೋ ಹಾಗಿಲ್ಲ.

ಕೊನೆಗೆ ತೀರ್ಮಾನ ಕೊಟ್ಟಿದ್ದು ಬೆಳಗಿನ ಜಾವದ ಒಂದು ತುಣುಕು. ಅದೇ ಪ್ರಾಣಿ ಅಂತಲೇ ನನ್ನ ನಂಬಿಕೆ, ಎಡಗಿವಿಯ ತುದಿ ಹರಿದಿದೆ. ಕ್ಯಾಮೆರಾ ಆಗ ತಾನೇ ಬಣ್ಣಕ್ಕೆ ತಿರುಗಿತ್ತು. ನೀರು ಕುಡಿದು ತಲೆ ಎತ್ತಿತು. ಕಣ್ಣಿನ ಸುತ್ತ ಬಿಳಿ ಉಂಗುರ, ಕನ್ನಡಕ ಹಾಕಿದ ಹಾಗೆ. ಮೂಗಿನವರೆಗೆ ಪಟ್ಟೆ ಇಲ್ಲ. ಹೊಟ್ಟೆಯ ಬಿಳಿ, ಮೈಯ ಕಂದು ಎರಡರ ನಡುವೆ ದಾರ ಹಿಡಿದು ಎಳೆದಂಥ ಗೆರೆ. ಕೃಷ್ಣಮೃಗ. ಮಾತೇ ಇಲ್ಲ.

ಲ್ಯಾಪ್‌ಟಾಪ್ ಮುಚ್ಚಿ ಟೀ ಮಾಡಿಕೊಂಡೆ. ಅಣ್ಣನಿಗೆ ಫೋನ್ ಮಾಡಲಿಲ್ಲ.

ಏಪ್ರಿಲ್, ಕೊನೆಯ ಭಾನುವಾರ

ಹಳೆಯ ತುಣುಕುಗಳನ್ನೆಲ್ಲಾ ಮತ್ತೆ ತೆಗೆದೆ. ಈಗ 'ಗೊತ್ತಿಲ್ಲ' ಅಂತ ಒಂದು ಫೋಲ್ಡರ್ ಇದೆ, ಅದೇ ಎಲ್ಲಕ್ಕಿಂತ ದೊಡ್ಡದು. ಮೊದಲು ಅದನ್ನು ಖಾಲಿ ಮಾಡಲೇಬೇಕು ಅಂತ ಹಟ ಇತ್ತು. ಆ ಹಟದಿಂದಲೇ ಎಡವಟ್ಟಾಗಿದ್ದು.

ಹಿಂಭಾಗ ಮಾತ್ರ ಸಿಕ್ಕ ತುಣುಕುಗಳು ಜಾಸ್ತಿ. ಕ್ಯಾಮೆರಾ ಎಚ್ಚರ ಆಗುವಷ್ಟರಲ್ಲಿ ಪ್ರಾಣಿ ತಿರುಗಿರುತ್ತದೆ. ಬೇಸಿಗೆ ಮಧ್ಯಾಹ್ನ ಇನ್ನೂ ಕಷ್ಟ, ನೆಲವೂ ಪ್ರಾಣಿಯ ಮೈಯಷ್ಟೇ ಕಾದಿರುವುದರಿಂದ ಶಾಖ ಗುರುತಿಸುವ ಸೆನ್ಸರಿಗೆ ವ್ಯತ್ಯಾಸವೇ ತಿಳಿಯಲ್ಲ. ಇಂಥ ಎರಡು ತುಣುಕು ದೊಡ್ಡಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿದರು.

"ಕೊಂಬು ಯಾಕೋ ಹುಡುಕ್ತೀಯ, ಬಾಲ ನೋಡು. ಬೋರೆ ಮೇಲಿರೋ ಸಣ್ಣ ಜಿಂಕೆದು ಕರೀ ಬಾಲ, ಒಂದು ಗಳಿಗೆ ಸುಮ್ನಿರಲ್ಲ, ಪಟಪಟ ಅಂತಿರುತ್ತೆ."

ಚಿಂಕಾರದ ಹೆಸರು ಅವರಿಗೆ ಬೇಕಿಲ್ಲ, ಗುರುತು ಮಾತ್ರ ಸರಿ. ಕರೀ ಬಾಲ, ಅದರ ಆಚೀಚೆ ಬಿಳಿ. ಕೊಂಡುಕುರಿಗೆ ಹಿಂಭಾಗದಲ್ಲಿ ಅಂಥ ಬಿಳಿ ಇಲ್ಲ, ಮೈಬಣ್ಣವೇ ಮುಂದುವರಿಯುತ್ತದೆ. ಎರಡೂ ತುಣುಕು ಕೊಂಡುಕುರಿ ಫೋಲ್ಡರಿಗೆ ಹೋದವು.

ಆಮೇಲೆ ಎದ್ದು ಹೋಗುತ್ತಾ ಇನ್ನೊಂದು ಮಾತು ಅಂದರು. "ಅದು ನೀರಿಗೆ ಬಂದಿದ್ದು ನಾನಂತೂ ನೋಡಿಲ್ಲಪ್ಪ. ನೀನು ಹೊಂಡದ ಹತ್ರ ಕಾಯ್ತಾ ಕೂತಿದ್ದೀಯ."

ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಚಿಂಕಾರ ಎಲೆ, ಇಬ್ಬನಿಯಲ್ಲಿರುವ ನೀರಿನಲ್ಲೇ ಬಹಳ ದಿನ ಕಳೆಯುತ್ತದೆ. ಕೊಂಡುಕುರಿಗೆ ನೀರು ಹತ್ತಿರದಲ್ಲೇ ಬೇಕು. ಅಂದರೆ ನಾಲ್ಕು ತಿಂಗಳಿಂದ ನಾನು ಇಟ್ಟಿರುವುದು ಕೊಂಡುಕುರಿ ಕ್ಯಾಮೆರಾ. ಹೆಸರು ಮಾತ್ರ ಚಿಂಕಾರದ್ದು.

ನಮ್ಮ ಹೊಲದ ಮೇಲ್ಗಡೆ ಬೋರೆಯ ಅಂಚಿನಲ್ಲಿ ಕಾಲು ಎಕರೆ ಕಲ್ಲುನೆಲ ಇದೆ. ಏನೂ ಬೆಳೆಯಲ್ಲ, ಬರೀ ಎಲಚಿ ಗಿಡ. ಈ ಭಾನುವಾರ ಕ್ಯಾಮೆರಾವನ್ನು ಅಲ್ಲಿಗೆ ಸಾಗಿಸುತ್ತೇನೆ. ಗೆರೆ ಎಳೆಯಲು ಪೇಂಟ್ ಡಬ್ಬಿ ಹುಡುಕಬೇಕು, ಹೋದ ಸಲ ಮುಚ್ಚಳ ಸರಿಯಾಗಿ ಹಾಕಿರಲಿಲ್ಲ.