ಒಂಬತ್ತು ಹಲಗೆಯ ಅಂಗಡಿ

ಕಾಸರಗೋಡಿನ ಹೊಸಂಗಡಿ ಪೇಟೆಯಲ್ಲಿ ಹೈವೇ ಬದಿಗೇ ನಮ್ಮ ಅಜ್ಜನ ಜವಳಿ ಅಂಗಡಿ ಇತ್ತು. ಮುರಕಲ್ಲಿನ ಗೋಡೆ, ಸುಣ್ಣದ ಗಾರೆ, ಮೇಲೆ ಉಪ್ಪರಿಗೆ, ಹಂಚಿನ ಮಾಡು. ಶಟರ್ ಇರ್ಲಿಲ್ಲ, ಹಲಗೆ ಬಾಗಿಲು. ಒಂಬತ್ತು ಹಲಗೆ, ಒಂದೊಂದರ ತಲೆಯಲ್ಲೂ ಕನ್ನಡ ಅಂಕಿ ಕೊರೆದದ್ದು, ಬೆಳಿಗ್ಗೆ ೯ರಿಂದ ತೆಗೀಬೇಕು ರಾತ್ರಿ ೧ರಿಂದ ಹಾಕ್ಬೇಕು, ಕ್ರಮ ತಪ್ಪಿದ್ರೆ ಚೌಕಟ್ಟಿನ ಸಂದಿನಲ್ಲಿ ಕೂರೂದೇ ಇಲ್ಲ. ನಾನು ಅಂಕಿ ಕಲ್ತದ್ದು ಆ ಹಲಗೆಗಳಲ್ಲೇ.

ಅದನ್ನು ಕಟ್ಟುವಾಗ ಕಾಸರಗೋಡು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956 ನವೆಂಬರ್ 1ಕ್ಕೆ ಕೇರಳ ಆಯ್ತು, ಆಮೇಲೆ ಕಣ್ಣೂರು ಜಿಲ್ಲೆ, 1984ರಲ್ಲಿ ಕಾಸರಗೋಡೇ ಜಿಲ್ಲೆ, ಎದುರಿನ ರಸ್ತೆಯ ನಂಬರೂ 17 ಹೋಗಿ 66 ಆಯ್ತು. ಬೋರ್ಡಿನಲ್ಲಿ ಕನ್ನಡದ ಕೆಳಗೆ ಮಲಯಾಳ ಸೇರಿತು, ಅಷ್ಟೆ. ಮಳೆಗಾಲದ ಆಟಿ ತಿಂಗಳಲ್ಲಿ ವ್ಯಾಪಾರ ಇಲ್ಲದ ರಾತ್ರಿ ಉಪ್ಪರಿಗೆಯಲ್ಲಿ ತಾಳಮದ್ದಳೆ, ಅಂದ್ರೆ ವೇಷ ಇಲ್ಲದೆ ಕೂತು ಮಾಡುವ ಯಕ್ಷಗಾನ, ಆಗ್ತಿತ್ತು, ಮಳೆಗೆ ನಿಂತವರು ಕೆಳಗೆ ಜಗಲಿಯಲ್ಲಿ ಕೂತು ಕೇಳಿ, ಪ್ರಸಂಗ ಮುಗಿದ ಮೇಲೇ ಮನೆಗೆ ಹೋಗೂದು.

ಹೈವೇ ಆರು ಲೇನ್ ಮಾಡ್ಲಿಕ್ಕೆ 45 ಮೀಟರ್ ಅಗಲ ಬೇಕು ಅಂತ ಸರ್ವೆ ಕಲ್ಲು ಹಾಕಿದಾಗ ಗೆರೆ ನಮ್ಮ ಅಂಗಡಿಯ ನಡುವಿಂದ್ಲೇ ಹೋಯ್ತು, ಹಿಂದಿನ ಕೋಣೆ ನಮಗೆ ಉಳೀತದೆ ಅಂತ ಪೇಪರಿನಲ್ಲಿ ಉಂಟು, ಆದ್ರೆ ಮಾಡು ಒಂದೇ ಅಲ್ವಾ, ಮುಂದಿನ ಗೋಡೆ ಹೋದ್ರೆ ಹಂಚು ಹೊರುವ ಪಕ್ಕಾಸು ಎಲ್ಲಿ ನಿಲ್ಲೂದು? ರಸ್ತೆಗೆ ಜಾಗ ತಗೊಳ್ತೇವೆ ಅಂತ ಹೇಳುವ ತ್ರೀ ಎ ನೋಟಿಫಿಕೇಶನ್ ಆದ್ರೆ ಆಕ್ಷೇಪಕ್ಕೆ 21 ದಿನ. ಅಪ್ಪ ಕನ್ನಡದಲ್ಲೇ ಅರ್ಜಿ ಬರೆದ್ರು. ಗೆರೆ ಆಚೆ ಸರಿಸಿ ಅಂತ ಕೇಳ್ಲಿಲ್ಲ, ಯಾಕಂದ್ರೆ ಆಚೆ ಬ್ಯಾರಿಗಳ, ಅಂದ್ರೆ ಕರಾವಳಿಯ ಮುಸ್ಲಿಮರ, ಹೋಟೆಲು, ಅದಕ್ಕೂ ನಮ್ಮಷ್ಟೇ ಪ್ರಾಯ. ಒಡೆಯುವ ಮೊದಲು ಪೇಟೆಯ ಹಳೇ ಕಟ್ಟಡಗಳ ಅಳತೆ ತೆಗ್ದು, ನಕ್ಷೆ ಮಾಡಿ, ಫೋಟೋ ಹಿಡಿದು ಎಲ್ಲಾದ್ರೂ ಇಡಿ ಅಂತ ಮಾತ್ರ ಕೇಳಿದ್ದು. ಉತ್ತರ ಬರ್ಲಿಲ್ಲ.

ರಸ್ತೆ ಬೇಡ ಅನ್ನುವವ ನಾನಲ್ಲ. ದೊಡ್ಡ ಕಾಯಿಲೆ ಬಂದ್ರೆ ಮಂಗಳೂರಿಗೆ ಓಡುವವರು ನಾವು, 2020ರಲ್ಲಿ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಆ ದಾರಿ ಎಷ್ಟು ಮುಖ್ಯ ಅಂತ ಊರಿಗೆಲ್ಲ ಗೊತ್ತಾಗಿದೆ. ಪರಿಹಾರದ ದುಡ್ಡೂ ಬಂತು, ಮೋಸ ಆಯ್ತು ಅಂತ ಹೇಳೂದಿಲ್ಲ. ಅಳೆದು ಬರೆದು ಇಡ್ಲಿಕ್ಕೆ ಎರಡು ದಿನ ಸಾಕಿತ್ತು ಅನ್ನೂದೊಂದೇ ನನ್ನ ಸಂಕಟ.

ಒಡೆಯುವ ಹಿಂದಿನ ದಿನ ಹಂಚು ಇಳಿಸಿದೆವು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್‌ನವರು ಶುರು ಮಾಡಿದ ಕಾರ್ಖಾನೆಯ ಮುದ್ರೆ ಇದ್ದ ಹಂಚು, ಪಾಚಿ ಉಜ್ಜಿದ್ರೆ ಒಳಗೆ ಹೊಸತರ ಹಾಗೇ ಕೆಂಪು, ಒಂದನ್ನೊಂದು ಬಡಿದ್ರೆ ಕಂಚಿನ ಶಬ್ದ. ರೇಟು ಮಾತಾಡಿ ಒಬ್ರು ಲೋಡು ಮಾಡ್ಕೊಂಡು ಹೋದ್ರು. ಹಲಗೆಗಳನ್ನು ಅಪ್ಪನೇ ತೆಗೆದದ್ದು, ೯ರಿಂದ, ಕ್ರಮದಲ್ಲೇ, ಆಳು ಸಹಾಯಕ್ಕೆ ಬಂದ್ರೂ ಬಿಡ್ಲಿಲ್ಲ. ೫ನೇ ಹಲಗೆಗೆ ಗೆದ್ದಲು ಹಿಡಿದಿತ್ತು, ಅದನ್ನು ಗೋಡೆಗೆ ಒರಗಿಸಿ ಸುಮಾರು ಹೊತ್ತು ಸುಮ್ನೆ ನಿಂತ್ರು. ಮರುದಿನ ಜೇಸೀಬಿ ಬಂದದ್ದು ಹತ್ತಕ್ಕೆ, ನಾನು ಚಾ ಕುಡ್ದು ಬರುವಷ್ಟರಲ್ಲಿ ಉಪ್ಪರಿಗೆ ಕೆಳಗಿತ್ತು, ಪೇಟೆ ಇಡೀ ಸುಣ್ಣದ ಧೂಳು.

ಈಗ ಅಲ್ಲಿ ಬಸ್ಸಲ್ಲಿ ಹೋಗುವಾಗ ನಮಗಿಬ್ರಿಗೂ ಚರ್ಚೆ. ಅಂಗಡಿ ಇದ್ದದ್ದು ಸರ್ವಿಸ್ ರೋಡಿನಲ್ಲಿ ಅಂತ ನಾನು, ಅಲ್ಲ, ಮೇನ್ ರೋಡಿನ ಒಳಗೇ ಅಂತ ಅಪ್ಪ. ಗುರುತಿಗೆ ಸುತ್ತ ಯಾವ ಹಳೇ ಕಟ್ಟಡವೂ ಇಲ್ಲ. ಮೊನ್ನೆ ಆಲ್ಬಮ್ ಪೂರ್ತಿ ಹುಡುಕಿದೆ, ಅತ್ತೆಯ ಮದುವೆ ದಿಬ್ಬಣ ಹೊರಡುವ ಒಂದು ಫೋಟೋ ಮಾತ್ರ ಸಿಕ್ಕಿತು, ಅದರಲ್ಲಿ ನೆಂಟರ ಸಂದಿಯಲ್ಲಿ ೩ ಮತ್ತು ೪ ಕಾಣ್ತದೆ.