ರಾಜಿಗಿಂತ ಮೊದಲು ರಿಜಿಸ್ಟರ್

ಹಾಕಿಯ ಬೇಸಿಗೆ ಶಿಬಿರ ಶುರುವಾಗಿ ಎರಡು ವಾರ ಕಳೆಯುವಷ್ಟರಲ್ಲಿ ದೂರುಗಳೂ ಶುರುವಾಗುತ್ತವೆ. ಸೀನಿಯರ್ ಹುಡುಗರು ಚಿಕ್ಕವರ ಕೈಲಿ ಕಿಟ್ ಹೊರಿಸಿದರು. ಕೋಚ್ ಸ್ಟಿಕ್ಕಿನಲ್ಲೇ ಕಾಲಿಗೆ ಬಾರಿಸಿದರು. ಆಯ್ಕೆಯಲ್ಲಿ ಪರಿಚಯದವರ ಮಗನಿಗೆ ಜಾಗ ಸಿಕ್ಕಿತು. ಮೈಸೂರು, ಮಂಡ್ಯದ ಕಡೆ ಇದಕ್ಕೆಲ್ಲ ನಾವು ಕೊಡುವ ಮದ್ದು ಒಂದೇ: ಇಬ್ಬರನ್ನೂ ಕ್ರೀಡಾಂಗಣದ ಆಚೆಯ ಟೀ ಅಂಗಡಿಗೆ ಕರೆದು, ‘ಹೋಗ್ಲಿ ಬಿಡಿ ಸಾರ್, ಮಕ್ಕಳ ವಿಷಯ’ ಅಂತ ಕೈ ಕುಲುಕಿಸಿ ಕಳಿಸುವುದು. ಕೆಲವು ದೂರಿಗೆ ಅಷ್ಟು ಸಾಕು, ಇಲ್ಲ ಅನ್ನುವುದಿಲ್ಲ. ಆದರೆ ಯಾವುದಕ್ಕೆ ಸಾಕು, ಯಾವುದಕ್ಕೆ ಸಾಲದು ಅನ್ನುವುದು ಟೀ ಅಂಗಡಿಯಲ್ಲಿ ತೀರ್ಮಾನವಾಗಬಾರದು. ಮೊದಲು ಬರೆದುಕೊಳ್ಳಬೇಕು.

ಅದಕ್ಕೆ ಬೇಕಾದದ್ದು ರಟ್ಟಿನ ಹೊದಿಕೆಯ 200 ಪುಟದ ಒಂದು ಲಾಂಗ್ ನೋಟ್‌ಬುಕ್. ಮೊದಲ ದಿನವೇ ಎಲ್ಲ ಪುಟಕ್ಕೂ ನಂಬರ್ ಹಾಕಿಬಿಡಿ, ಹಾಳೆ ಹರಿದರೆ ಗೊತ್ತಾಗಬೇಕು. ವೈಟ್ನರ್ ಮುಟ್ಟಬೇಡಿ, ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡಿ. ದಿನಾಂಕ, ಗಂಟೆ, ಜಾಗ, ಹೇಳಿದವರು ಯಾರು, ಆಗ ಅಲ್ಲಿ ಇದ್ದವರು ಯಾರು, ಆಮೇಲೆ ಅವರು ಆಡಿದ ಮಾತು ಆಡಿದ ಹಾಗೇ. ಕಣ್ಣಾರೆ ಕಂಡದ್ದನ್ನೂ ಬೇರೆಯವರಿಂದ ಕೇಳಿದ್ದನ್ನೂ ಒಂದೇ ಸಾಲಿನಲ್ಲಿ ಬೆರೆಸಬಾರದು. ‘ಕೋಚ್ ಹುಡುಗನಿಗೆ ಹಿಂಸೆ ಕೊಟ್ಟರು’ ಅಂತ ಬರೆದರೆ ಅದರಿಂದ ಏನೂ ಸಿಗದು. ‘ಸಂಜೆ 5.40, ಗೋಲ್‌ಪೋಸ್ಟ್ ಹಿಂದೆ, ಸ್ಟಿಕ್ಕಿನ ಹಿಡಿಯಿಂದ ಎಡಗಾಲಿನ ಮೀನಖಂಡಕ್ಕೆ ಎರಡು ಏಟು’ ಅಂತ ಬರೆದರೆ ಆರು ತಿಂಗಳಾದ ಮೇಲೂ ಅದು ನಿಲ್ಲುತ್ತದೆ.

ಮಕ್ಕಳು ದೂರು ಬರೆದು ಕೊಡುವುದಿಲ್ಲ. ನೀರು ಕುಡಿಯುತ್ತಾ, ಶೂ ಲೇಸ್ ಕಟ್ಟುತ್ತಾ ಅರ್ಧ ಮಾತು ಹೇಳಿ ಸುಮ್ಮನಾಗುತ್ತಾರೆ. ‘ಲೆಟರ್ ತಗೊಂಡು ಬಾ’ ಅಂದರೆ ಆ ಅರ್ಧವೂ ನುಂಗಿಹೋಗುತ್ತದೆ. ಕೇಳಿಸಿಕೊಂಡವರೇ ಬರೆಯಬೇಕು.

ಬರೆದಾದ ಮೇಲೆ ವಿಂಗಡಣೆ. ಪಂದ್ಯದ ಒಳಗೆ ನಡೆದದ್ದು ಬಹುಪಾಲು ಅಂಪೈರ್ ಕೈಯಲ್ಲೇ ಮುಗಿಯುತ್ತದೆ. ಹಸಿರು ಕಾರ್ಡ್ ಅಂದರೆ 2 ನಿಮಿಷ ಹೊರಗೆ, ಹಳದಿಗೆ ಕನಿಷ್ಠ 5 ನಿಮಿಷ, ಕೆಂಪು ಬಿದ್ದರೆ ಆ ಪಂದ್ಯದ ಮಟ್ಟಿಗೆ ಆಟ ಮುಗಿಯಿತು. ಅಷ್ಟು ಹೊತ್ತೂ ತಂಡ ಒಬ್ಬರು ಕಡಿಮೆ ಇಟ್ಟುಕೊಂಡೇ ಆಡಬೇಕು. ಪೆನಾಲ್ಟಿ ಕಾರ್ನರ್ ಕೊಡಲಿಲ್ಲ, ಗೋಲು ಒಪ್ಪಲಿಲ್ಲ ಅನ್ನುವುದು ದುರ್ನಡತೆಯ ದೂರಲ್ಲ. ಆಯಾ ಪಂದ್ಯಾವಳಿಯ ನಿಯಮದಲ್ಲಿ ಆಕ್ಷೇಪಣೆಗೆ ಅವಕಾಶವಿದ್ದರೆ ಮ್ಯಾನೇಜರ್ ಸಹಿ ಮಾಡಿ ಹೊತ್ತು ಮೀರುವ ಮೊದಲು ಕೊಡಬೇಕು, ಇಲ್ಲವೇ ಬಿಡಬೇಕು. ಗೆರೆಯಾಚೆ ನಿಂತು ಕೂಗಾಡುವ ಅಪ್ಪಂದಿರಿಗೆ ನಮ್ಮ ಸಲಹೆ: ಪಂದ್ಯ ಮುಗಿದು 24 ಗಂಟೆ ಆಗುವವರೆಗೆ ಕೋಚ್ ಜತೆ ಮಾತು ಬೇಡ. ಮಾರನೆಯ ದಿನಕ್ಕೆ ಇಂಥ ದೂರಿನಲ್ಲಿ ಅರ್ಧ ತಾನಾಗಿಯೇ ಕರಗಿರುತ್ತದೆ. ಹಲ್ಲೆ, ಲೈಂಗಿಕ ಕಿರುಕುಳದ ಮಾತಿಗೆ ಮಾತ್ರ ಈ 24 ಗಂಟೆ ಅನ್ವಯಿಸುವುದಿಲ್ಲ.

ಆಯ್ಕೆಯ ತಕರಾರಿಗೆ ಮದ್ದು ಆಯ್ಕೆಗೆ ಮೊದಲೇ ಇದೆ. ಟ್ರಯಲ್ಸ್‌ಗೆ ಮುಂಚೆ ಅಂಕದ ಹಾಳೆ ಅಂಟಿಸಿ, ಇಬ್ಬರು ಬೇರೆ ಬೇರೆ ಕೂತು ಅಂಕ ಹಾಕಲಿ, ನೆಂಟರ ಮಗು ಬಂದಾಗ ಆಯ್ಕೆಗಾರ ಎದ್ದು ಹೋಗಲಿ. ವಯಸ್ಸಿನ ಮೋಸದ ದೂರಾದರೆ ಜನನ ಪ್ರಮಾಣಪತ್ರದಲ್ಲಿ ಹುಟ್ಟಿದ ತಾರೀಖಿಗಿಂತ ನೋಂದಣಿಯ ತಾರೀಖು ನೋಡಿ. ಹುಟ್ಟಿ ಹತ್ತು ವರ್ಷವಾದ ಮೇಲೆ ನೋಂದಣಿಯಾಗಿದ್ದರೆ ಅದೇ ಮೋಸಕ್ಕೆ ಪುರಾವೆಯಲ್ಲ, ಆದರೆ ಶಾಲೆಯ ದಾಖಲಾತಿ ಪುಸ್ತಕ ಕೇಳಲು ಅಷ್ಟು ಕಾರಣ ಸಾಕು. ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇಯಿಂದ ಮೂಳೆಯ ಬೆಳವಣಿಗೆ ಅಳೆಯುವ ಟಿಡಬ್ಲ್ಯೂ3 ಪರೀಕ್ಷೆ ಇದೆ. ಅದು ಕೊಡುವುದು ಅಂದಾಜು, ಹುಟ್ಟಿದ ತಾರೀಖಲ್ಲ. ಕ್ಲಬ್ಬಿನವರು ತಾವೇ ಹುಡುಗನನ್ನು ಸ್ಕ್ಯಾನಿಂಗ್ ಸೆಂಟರಿಗೆ ಕರೆದುಕೊಂಡು ಹೋಗುವ ಕೆಲಸ ಬೇಡ. ದಾಖಲೆ ಸಮೇತ ಹಾಕಿ ಸಂಸ್ಥೆಗೆ ಕಳಿಸಿ.

ಶಿಕ್ಷೆಯ ವಿಷಯದಲ್ಲೇ ಹೆಚ್ಚು ಗೊಂದಲ. ‘ನಾವೂ ಏಟು ತಿಂದೇ ಕಲಿತದ್ದು’ ಅನ್ನುವ ಹಳೇ ಆಟಗಾರರು ಪ್ರತಿ ಮೈದಾನದಲ್ಲೂ ಸಿಗುತ್ತಾರೆ. ಲೆಕ್ಕ ಹಾಕಿ ನೋಡಿ. ಹಾಕಿ ಮೈದಾನ 91.40 ಮೀಟರ್ ಉದ್ದ, 55 ಮೀಟರ್ ಅಗಲ. ಒಂದು ಸುತ್ತು ಸುಮಾರು 293 ಮೀಟರ್. ತಡವಾಗಿ ಬಂದದ್ದಕ್ಕೆ 20 ಸುತ್ತು ಅಂದರೆ ಹತ್ತಿರ ಹತ್ತಿರ 6 ಕಿಲೋಮೀಟರ್. ಏಪ್ರಿಲ್ ಬಿಸಿಲಲ್ಲಿ, ನೀರು ಕೊಡದೆ, 11 ವರ್ಷದ ಮಗುವಿನ ಕೈಲಿ ಅದನ್ನು ಓಡಿಸಿದರೆ ಫಿಟ್‌ನೆಸ್ ಅನ್ನುವ ಹೆಸರು ಅದಕ್ಕೆ ಒಪ್ಪುವುದಿಲ್ಲ. ಇಡೀ ತಂಡ ಮಾಡುವ ವ್ಯಾಯಾಮವೋ ಒಬ್ಬನಿಗೆ ಮಾತ್ರವೋ, ಮಧ್ಯೆ ನೀರು ಸಿಕ್ಕಿತೋ, ಸಾಕು ಅಂದಾಗ ನಿಲ್ಲಿಸಿದರೋ: ಈ ಮೂರನ್ನು ಕೇಳಿದರೆ ದೂರಿನ ಬಣ್ಣ ತಿಳಿಯುತ್ತದೆ. ಕೈ ಎತ್ತಿದರಂತೂ ಮಾತೇ ಬೇರೆ. ಮಗುವಿನ ಹೊಣೆ ಹೊತ್ತವರೇ ಹೊಡೆದು ನೋವು ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಡಿ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ಮಕ್ಕಳ ನಡುವಿನ ಕಿಟಲೆ, ಬೈಗುಳ, ಕಿಟ್ ಹೊರಿಸುವುದಕ್ಕೆ ಇಷ್ಟೆಲ್ಲ ಬೇಡ, ಗುಬ್ಬಿ ಮೇಲೆ ಬ್ರಹ್ಮಾಸ್ತ್ರವಾಗುತ್ತದೆ. ಮೊದಲ ಸಲ ಮನೆಯವರ ಎದುರು ಎಚ್ಚರಿಕೆ, ಎರಡನೇ ಸಲ ಒಂದು ಪಂದ್ಯಕ್ಕೆ ಕೂರಿಸುವುದು. ಜಾತಿ ಹಿಡಿದು ಬೈದದ್ದು, ಬಟ್ಟೆ ಬದಲಿಸುವಾಗ ವಿಡಿಯೊ ಮಾಡಿದ್ದು ಕಿಟಲೆಯ ಲೆಕ್ಕಕ್ಕೆ ಸೇರುವುದಿಲ್ಲ.

ಲೈಂಗಿಕ ಕಿರುಕುಳದ ಮಾತು ಬಂದರೆ ಕ್ಲಬ್ಬಿನ ವಿಚಾರಣೆ ಅಲ್ಲಿಗೇ ನಿಲ್ಲಬೇಕು. 18 ತುಂಬದ ಮಗು, ಹುಡುಗನಾಗಲಿ ಹುಡುಗಿಯಾಗಲಿ, 2012ರ ಪೋಕ್ಸೊ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. 19ನೇ ಕಲಮಿನ ಪ್ರಕಾರ ವಿಷಯ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ; ತನ್ನ ಕೈಕೆಳಗಿನವನ ವಿಷಯವನ್ನು ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ 1 ವರ್ಷದವರೆಗೆ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ನಿಲ್ಲುವುದಿಲ್ಲ. ಪುರಾವೆ ಹುಡುಕುವುದು ಪೊಲೀಸರ ಕೆಲಸ. ನೀವು ಮಗುವನ್ನು ಒಂದೇ ಸಲ, ‘ಏನಾಯ್ತು ಹೇಳು’ ಅಂತ ಮಾತ್ರ ಕೇಳಿ. ‘ಅವರು ಮುಟ್ಟಿದರಾ?’ ಅನ್ನುವಂಥ ಪ್ರಶ್ನೆ ಉತ್ತರವನ್ನು ಬಾಯಿಗಿಟ್ಟ ಹಾಗೆ, ಆಮೇಲೆ ಕೋರ್ಟಿನಲ್ಲಿ ಮಗುವಿಗೇ ಮುಳುವಾಗುತ್ತದೆ. ‘ಯಾರಿಗೂ ಹೇಳಲ್ಲ ಪುಟ್ಟ’ ಅಂತ ಮಾತು ಕೊಡಬೇಡಿ, ಉಳಿಸಿಕೊಳ್ಳಲು ಆಗುವುದಿಲ್ಲ. ಆರೋಪಿಯ ಎದುರು ಮಗುವನ್ನು ಕೂರಿಸಿ ‘ನಿಜ ಹೇಳಿಸುವ’ ಪಂಚಾಯ್ತಿಯಂತೂ ಬೇಡವೇ ಬೇಡ. ಹೇಳಿಕೆ ಪಡೆಯಲು ಪೊಲೀಸರೇ ಮಗುವಿನ ಮನೆಗೋ ಮಗು ಬಯಸಿದ ಜಾಗಕ್ಕೋ ಬರಬೇಕು, ಬರುವ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು ಅಂತ ಕಾಯ್ದೆಯೇ ಹೇಳುತ್ತದೆ. ಠಾಣೆಗೆ ಹೆದರುವ ಅಮ್ಮಂದಿರಿಗೆ ಇದನ್ನು ಮೊದಲು ಹೇಳಿ.

ಈ ದೂರಿನ ವಿವರ ನೋಟ್‌ಬುಕ್ಕಿನಲ್ಲಿ ಬೇಡ. ಅಲ್ಲಿ ಕ್ರಮ ಸಂಖ್ಯೆ ಮಾತ್ರ, ವಿವರ ಸೀಲ್ ಮಾಡಿದ ಕವರಿನಲ್ಲಿ. ವಾಟ್ಸಾಪ್ ಗ್ರೂಪಿನಲ್ಲಿ ಮಗುವಿನ ಹೆಸರಷ್ಟೇ ಅಲ್ಲ, ಕೋಚ್ ಹೆಸರು ಹಾಕಿದರೂ ಎಂಟು ಹುಡುಗಿಯರ ಬ್ಯಾಚಿನಲ್ಲಿ ಮಗು ಯಾರೆಂದು ಊರಿಗೇ ತಿಳಿಯುತ್ತದೆ. ಮೆಸೇಜು ಅಳಿಸಬೇಡಿ, ತಾರೀಖು ಮತ್ತು ನಂಬರ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಸಿಸಿಟಿವಿ ದೃಶ್ಯದ ಮೇಲೆ ಕೆಲವೇ ದಿನಗಳಲ್ಲಿ ಹೊಸದು ಬಂದು ಕೂರುತ್ತದೆ, ತೆಗೆದಿಡಿ ಅಂತ ಅಂದೇ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.

ದೂರು ಬಂದ ಕೋಚ್ ತೀರ್ಮಾನವಾಗುವವರೆಗೆ ಮೈದಾನದಿಂದ ದೂರ ಇರಬೇಕು. ಇದು ಶಿಕ್ಷೆಯಲ್ಲ ಅಂತ ಪತ್ರದಲ್ಲೇ ಬರೆಯಿರಿ. ನಮ್ಮಲ್ಲಿ ಆಗುವುದು ಉಲ್ಟಾ: ‘ಸ್ವಲ್ಪ ದಿನ ಮಗೂನ ಕಳಿಸಬೇಡಿ’ ಅನ್ನುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಪೊಲೀಸರವರೆಗೆ ಹೋಗದ ದೂರು ನೋಡಲು ಮೂವರು ಸಾಕು: ಒಬ್ಬ ಮಹಿಳೆ, ಕ್ಲಬ್ಬಿಗೆ ಸಂಬಂಧವಿಲ್ಲದ ಒಬ್ಬರು, ಒಬ್ಬ ಪೋಷಕರು. ಕೋಚ್ ಬೇಡ. ಆರೋಪ ಏನೆಂದು ಬರಹದಲ್ಲಿ ತಿಳಿಸಿ, ಉತ್ತರಕ್ಕೆ 3 ದಿನ ಕೊಟ್ಟು, 10 ದಿನದಲ್ಲಿ ಮುಗಿಸಬಹುದು. ಮಹಿಳಾ ಕೋಚ್, ಅಂಪೈರ್‌ಗಳು ಕೊಡುವ ಲೈಂಗಿಕ ಕಿರುಕುಳದ ದೂರಿಗೆ ದಾರಿ ಬೇರೆ. ಕೆಲಸದ ಜಾಗದಲ್ಲಿ ಮಹಿಳೆಯರಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಕ್ರೀಡಾಂಗಣವನ್ನೂ ಕೆಲಸದ ಜಾಗವೆಂದೇ ಎಣಿಸುತ್ತದೆ. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಕ್ಲಬ್ಬಿನವರು ಜಿಲ್ಲೆಯ ಸ್ಥಳೀಯ ಸಮಿತಿಗೆ 3 ತಿಂಗಳೊಳಗೆ ದೂರು ಕೊಡಬೇಕು.

ದೂರು ಯಾರಿಗೆ ಹೇಳಬೇಕು ಅನ್ನುವ ಬೋರ್ಡನ್ನು ಆಫೀಸಿನ ಗೋಡೆಗೆ ಹಾಕಿದರೆ ಓದುವವರು ಪದಾಧಿಕಾರಿಗಳು ಮಾತ್ರ. ಕುಡಿಯುವ ನೀರಿನ ನಲ್ಲಿಯ ಪಕ್ಕ, 10 ವರ್ಷದ ಮಗುವಿನ ಕಣ್ಣಿನ ಎತ್ತರಕ್ಕೆ, ದಪ್ಪಕ್ಷರದಲ್ಲಿ ಹಾಕಿ: ಸಮಿತಿಯ ಮಹಿಳೆಯ ಹೆಸರು, ಮಕ್ಕಳ ಸಹಾಯವಾಣಿ 1098, ತುರ್ತಿಗೆ 112.